ಜಿಪ್ಸಿಗೆ ಬೋಲ್ಟ್-ಇನ್ ರೋಲ್ ಬಾರ್: ಮನೆಯಲ್ಲೇ ಕೂರಿಸುವುದು ಹೇಗೆ

ಮಾರುತಿ ಜಿಪ್ಸಿ ಇಟ್ಟುಕೊಂಡಿರುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸಾಫ್ಟ್ ಟಾಪ್ ಗಾಡಿ, ಆಟೋಕ್ರಾಸ್‌ಗೆ (ಮಣ್ಣಿನ ಟ್ರ್ಯಾಕಿನಲ್ಲಿ ಸಮಯದ ವಿರುದ್ಧ ಓಡಿಸುವ ಸ್ಪರ್ಧೆ) ಇಳಿಸಬೇಕು ಅಂತಿದ್ದೀನಿ, ರೋಲ್ ಬಾರ್ ಕಿಟ್ ತರಿಸಿದ್ದೀನಿ, ಮನೆಯಲ್ಲೇ ಹಾಕಬಹುದಾ?" ಹಾಕಬಹುದು. ಡ್ರಿಲ್ ಮಷಿನ್ ಹಿಡಿದು ಅಭ್ಯಾಸ ಇರಬೇಕು, ಜೊತೆಗೆ ಇನ್ನೊಬ್ಬರು ಇರಬೇಕು, ಎರಡು ದಿನ ಪೂರ್ತಿ ಕೈಯಲ್ಲಿರಬೇಕು. ಒಂದೇ ಮಧ್ಯಾಹ್ನದಲ್ಲಿ ಮುಗಿಸಿ ಸಂಜೆ ಗಾಡಿ ತೆಗೆಯುತ್ತೇನೆ ಅನ್ನುವವರು ದಯವಿಟ್ಟು ಶುರು ಮಾಡಬೇಡಿ.

ರೋಲ್ ಬಾರ್ ಅಂದರೆ ಗಾಡಿ ಮಗುಚಿದಾಗ ಒಳಗಿರುವವರ ತಲೆ ಕಾಯುವ ಉಕ್ಕಿನ ಪೈಪಿನ ಕಮಾನು. ಮೊದಲು ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ. ಎಲ್ಲರೂ ಪೈಪ್ ಎಷ್ಟು ದಪ್ಪ ಅಂತ ಕೇಳುತ್ತಾರೆ. ಆ ಪೈಪ್ ಯಾವುದರ ಮೇಲೆ ನಿಂತಿದೆ ಅಂತ ಕೇಳುವವರು ಕಡಿಮೆ. ಕೆಸರು ಗದ್ದೆಯಲ್ಲಿ ಗಾಡಿ ಹೂತುಕೊಂಡಾಗ ಜಾಕಿ ಕೊಡುತ್ತೀರಲ್ಲ, ಕೆಳಗೆ ಹಲಗೆ ಇಡದೆ ಜಾಕಿ ಎತ್ತಿದರೆ ಗಾಡಿ ಮೇಲೆ ಬರುವ ಬದಲು ಜಾಕಿಯೇ ಕೆಳಗೆ ಇಳಿಯುತ್ತದೆ. ರೋಲ್ ಬಾರ್ ಕಥೆಯೂ ಅದೇ. ಜಿಪ್ಸಿಯ ಫ್ಲೋರ್ ತೆಳು ತಗಡು. ಗಾಡಿ ಮಗುಚಿದಾಗ ಬಾರ್‌ನ ಕಾಲು ಆ ತಗಡನ್ನು ತೂತು ಮಾಡಿಕೊಂಡು ಕೆಳಗೆ ಹೋದರೆ ಮೇಲಿನ ಪೈಪ್ ಎಷ್ಟು ದಪ್ಪ ಇದ್ದರೂ ನಿಮ್ಮ ತಲೆ ಉಳಿಯುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಪಾದ (ಬಾರ್‌ನ ಕಾಲಿನ ತುದಿಯಲ್ಲಿರುವ ಚಪ್ಪಟೆ ಭಾಗ), ಪ್ಲೇಟ್, ಬೋಲ್ಟ್ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಎಷ್ಟು ಭಾರ ಬೀಳುತ್ತದೆ ಅಂತ ಅಂದಾಜಿಗೆ ಒಂದು ಲೆಕ್ಕ. ಮೋಟಾರ್ ಸ್ಪೋರ್ಟ್‌ನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ, ಮುಖ್ಯ ಬಾರ್ ತಡೆಯಬೇಕಾದ ಭಾರವನ್ನು ಲೆಕ್ಕ ಹಾಕುವಾಗ ಗಾಡಿಯ ತೂಕಕ್ಕೆ 150 ಕೆಜಿ ಸೇರಿಸಿ ಅದನ್ನು 7.5ರಿಂದ ಗುಣಿಸುತ್ತದೆ. ಜಿಪ್ಸಿ ಸುಮಾರು ಒಂದು ಟನ್. ಅಂದರೆ ಎಂಟೂವರೆ ಟನ್‌ಗೂ ಮೇಲೆ. ಇಷ್ಟೂ ಭಾರ ನೀವು ಮನೆ ಅಂಗಳದಲ್ಲಿ ಕೊರೆಯುವ ಹತ್ತು ತೂತುಗಳ ಸುತ್ತ ಬೀಳುತ್ತದೆ.

ಶುರು ಮಾಡುವ ಮೊದಲು ತಿಳಿದಿರಬೇಕಾದ್ದು

ರೋಲ್ ಬಾರ್ ಬೇರೆ, ರೋಲ್ ಕೇಜ್ ಬೇರೆ. ರೋಲ್ ಬಾರ್ ಅಂದರೆ ಮುಂದಿನ ಸೀಟುಗಳ ಹಿಂದೆ ನಿಲ್ಲುವ ಕಮಾನು, ಅದಕ್ಕೆ ಹಿಂದಕ್ಕೆ ಚಾಚಿದ ಎರಡು ಆಸರೆ ಕಾಲು, ನಡುವೆ ಓರೆಯಾಗಿ ಒಂದು ಪೈಪ್. ಕಮಾನಿಗೆ ಹೂಪ್ ಅಂತಲೂ, ಆಸರೆ ಕಾಲುಗಳಿಗೆ ಬ್ಯಾಕ್‌ಸ್ಟೇ ಅಂತಲೂ, ಓರೆ ಪೈಪಿಗೆ ಡಯಾಗನಲ್ ಅಂತಲೂ ಹೇಳುತ್ತಾರೆ. ಕೇಜ್ ಅಂದರೆ ಮುಂದೆ ವಿಂಡ್‌ಶೀಲ್ಡ್ ಕಂಬದವರೆಗೂ ಬರುವ ಪೂರ್ತಿ ಪಂಜರ. ನಾವು ಮಾತಾಡುತ್ತಿರುವುದು ಬಾರ್ ಬಗ್ಗೆ ಮಾತ್ರ. ಬೋಲ್ಟ್-ಇನ್ ಅಂದರೆ ಗಾಡಿಗೆ ವೆಲ್ಡಿಂಗ್ ಮಾಡದೆ ಬೋಲ್ಟ್ ಹಾಕಿಯೇ ಕೂರಿಸುವಂಥದ್ದು.

ಸ್ಪರ್ಧೆಗೆ ಹೋಗುವವರಿಗೆ ಒಂದು ಮಾತು. ನಮ್ಮ ದೇಶದ ಮೋಟಾರ್ ಸ್ಪೋರ್ಟ್ ಎಫ್‌ಎಂಎಸ್‌ಸಿಐ ಅನ್ನುವ ರಾಷ್ಟ್ರೀಯ ಸಂಸ್ಥೆಯ ನಿಯಮದ ಕೆಳಗೆ ನಡೆಯುತ್ತದೆ. ರ್‍ಯಾಲಿಗೆ ಬರೀ ಬಾರ್ ಸಾಲದು, ಕೇಜ್ ಬೇಕು. ಉಳಿದ ಈವೆಂಟ್‌ಗಳಲ್ಲಿ ನಿಮ್ಮ ಕ್ಲಾಸಿಗೆ ಏನು ಬೇಕು ಅಂತ ಆ ಈವೆಂಟಿನ ನಿಯಮ ಪುಸ್ತಕದಲ್ಲಿ ನೋಡಿಕೊಂಡು ಆಮೇಲೆ ಕಿಟ್ ತರಿಸಿ. ಕಿಟ್ ಹಾಕಿದ ಮೇಲೆ ಸ್ಕ್ರೂಟಿನಿಯಲ್ಲಿ, ಅಂದರೆ ಸ್ಪರ್ಧೆಗೆ ಮೊದಲು ಗಾಡಿ ತಪಾಸಣೆ ಮಾಡುವ ಜಾಗದಲ್ಲಿ, ವಾಪಸ್ ಕಳಿಸಿದರೆ ದುಡ್ಡೂ ಹೋಯಿತು, ಫ್ಲೋರಿನಲ್ಲಿ ತೂತೂ ಉಳಿಯಿತು.

ರಸ್ತೆಯಲ್ಲೂ ಅದೇ ಗಾಡಿ ಓಡಿಸುವವರು ಕಾನೂನು ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯಲ್ಲಿ ಮಾಡುವ ಬದಲಾವಣೆಗಳ ಬಗ್ಗೆ ಇದೆ. ಆರ್‌ಸಿಯಲ್ಲಿರುವ ವಿವರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅನ್ನುತ್ತದೆ. ಸುಪ್ರೀಂ ಕೋರ್ಟ್ 2019ರಲ್ಲಿ ಈ ಸೆಕ್ಷನ್ನನ್ನು ಬಿಗಿಯಾಗಿಯೇ ಓದಿದೆ. ಹಾಗಾಗಿ ಕೆಲಸಕ್ಕೆ ಮೊದಲು ನಿಮ್ಮ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೂ ಬರಹದಲ್ಲಿ ತಿಳಿಸಿ. ಹಿಂದಿನ ಸೀಟ್ ತೆಗೆಯುತ್ತೀರಾದರೆ ಅದನ್ನೂ ಸೇರಿಸಿ ಕೇಳಿ, ಯಾಕೆಂದರೆ ಆರ್‌ಸಿಯಲ್ಲಿ ಸೀಟಿನ ಸಂಖ್ಯೆ ಬರೆದಿರುತ್ತದೆ.

ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ಹೆಲ್ಮೆಟ್ ಇಲ್ಲದ ತಲೆಗೆ ಹಿಂದೆ ನಿಂತಿರುವ ಉಕ್ಕಿನ ಪೈಪ್ ಸ್ವತಃ ಅಪಾಯ. ಹಿಂದಿನಿಂದ ಯಾರೋ ಗುದ್ದಿದರೆ ತಲೆ ಹಿಂದಕ್ಕೆ ಬಡಿಯುವುದು ಆ ಪೈಪಿಗೇ. ವಾರವಿಡೀ ಮಕ್ಕಳನ್ನು ಸ್ಕೂಲಿಗೆ ಬಿಡುವ ಗಾಡಿಗೆ ಇದನ್ನು ಹಾಕಬೇಡಿ ಅಂತಲೇ ನನ್ನ ಸಲಹೆ.

ಕಿಟ್ ಆರಿಸುವಾಗ

ಮಾರ್ಕೆಟ್ಟಿನಲ್ಲಿ ರೋಲ್ ಬಾರ್ ಅಂತ ಮಾರುವುದರಲ್ಲಿ ಎಷ್ಟೋ ಬರೀ ಶೋಗೆ. ಮಿರಮಿರ ಮಿಂಚುವ ಸ್ಟೇನ್‌ಲೆಸ್ ಪೈಪ್, ಮೇಲೆ ನಾಲ್ಕು ಲೈಟ್, ಕೆಳಗೆ ಅಂಗೈಯಷ್ಟೂ ಇಲ್ಲದ ಪಾದ. ಅದನ್ನು ಹಾಕಿಕೊಂಡು ಸುರಕ್ಷಿತ ಅಂದುಕೊಳ್ಳುವುದು ಏನೂ ಇಲ್ಲದೆ ಓಡಿಸುವುದಕ್ಕಿಂತ ಕೆಟ್ಟದ್ದು, ಯಾಕೆಂದರೆ ಆ ನಂಬಿಕೆಯಲ್ಲಿ ವೇಗ ಜಾಸ್ತಿಯಾಗುತ್ತದೆ. ನೀರಿನ ಜಿಐ ಪೈಪ್ ಬಗ್ಗಿಸಿ ಮಾಡಿದ್ದೂ ಬೇಡ.

ಎಫ್‌ಐಎ ಅಳತೆಯನ್ನೇ ಮಾನದಂಡವಾಗಿ ಇಟ್ಟುಕೊಳ್ಳಿ. ಮುಖ್ಯ ಕಮಾನಿಗೆ ಕೋಲ್ಡ್ ಡ್ರಾನ್ ಸೀಮ್‌ಲೆಸ್ ಕಾರ್ಬನ್ ಸ್ಟೀಲ್ ಪೈಪ್. ಅಂದರೆ ಉದ್ದಕ್ಕೂ ವೆಲ್ಡಿಂಗ್ ಗೆರೆ ಇಲ್ಲದ, ತಣ್ಣಗಿದ್ದಾಗಲೇ ಎಳೆದು ಮಾಡಿದ ಪೈಪ್. ಹೊರ ವ್ಯಾಸ 45 ಮಿ.ಮೀ. ಆದರೆ ಗೋಡೆಯ ದಪ್ಪ ಕನಿಷ್ಠ 2.5 ಮಿ.ಮೀ., 50 ಮಿ.ಮೀ. ಆದರೆ 2 ಮಿ.ಮೀ. ಬ್ಯಾಕ್‌ಸ್ಟೇ, ಡಯಾಗನಲ್‌ಗಳಿಗೆ 38 ಮಿ.ಮೀ. ವ್ಯಾಸಕ್ಕೆ 2.5, ಇಲ್ಲವೇ 40ಕ್ಕೆ 2. ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು ಹೋಗಿ. ಪೈಪಿನ ತುದಿ ಎಲ್ಲೂ ಕಾಣದಿದ್ದರೆ ಅದೇ ಪೈಪಿನ ಕತ್ತರಿಸಿದ ತುಂಡು ತೋರಿಸಿ ಅಂತ ಕೇಳಿ. ಸರಿಯಾಗಿ ಕೆಲಸ ಮಾಡುವವರು ಹಿಂಜರಿಯದೆ ತೋರಿಸುತ್ತಾರೆ.

ಬಾಗಿಸಿದ ಜಾಗವನ್ನು ಬೆರಳಾಡಿಸಿ ನೋಡಿ. ಒಳ ಬದಿಯಲ್ಲಿ ಸುಕ್ಕು ಬಿದ್ದಿದ್ದರೆ, ಪೈಪ್ ಚಪ್ಪಟೆಯಾಗಿದ್ದರೆ ಬೇಡ. ಬಾಗಿನಲ್ಲಿ ಕಡಿಮೆ ವ್ಯಾಸ ಜಾಸ್ತಿ ವ್ಯಾಸದ ಶೇ. 90ಕ್ಕಿಂತ ಕೆಳಗಿಳಿಯಬಾರದು. ಮರಳು ತುಂಬಿ ಕಾಯಿಸಿ ಬಗ್ಗಿಸಿದ್ದೂ ಬೇಡ, ತಣ್ಣಗೆ ಬಗ್ಗಿಸಿರಬೇಕು. ಬ್ಯಾಕ್‌ಸ್ಟೇಗಳು ನೇರ ಇರಬೇಕು, ಲಂಬಕ್ಕೆ ಕನಿಷ್ಠ 30 ಡಿಗ್ರಿ ಓರೆ ಇರಬೇಕು, ಕಮಾನಿನ ತಲೆಯ ಹತ್ತಿರದಿಂದ ಹೊರಡಬೇಕು. ಡಯಾಗನಲ್ ಇಲ್ಲದ ಬಾರ್ ತೆಗೆದುಕೊಳ್ಳಲೇಬೇಡಿ. ಜಿಪ್ಸಿ ಸಾಮಾನ್ಯವಾಗಿ ಪಕ್ಕಕ್ಕೆ ಉರುಳುವ ಗಾಡಿ. ಡಯಾಗನಲ್ ಇಲ್ಲದ ಕಮಾನು ಕಟ್ಟು ಸಡಿಲಾದ ಮಂಚದ ಹಾಗೆ ಒಂದು ಪಕ್ಕಕ್ಕೆ ವಾಲಿ ಮಲಗಿಬಿಡುತ್ತದೆ.

ಬೇಕಾಗುವ ಸಾಮಾನು

ಡ್ರಿಲ್ ಮಷಿನ್, 3, 6 ಮಿ.ಮೀ. ಬಿಟ್‌ಗಳು, ಜೊತೆಗೆ ಎಂ8 ಬೋಲ್ಟ್ ಆದರೆ 8.5, ಎಂ10 ಆದರೆ 10.5 ಮಿ.ಮೀ. ಬಿಟ್. ಎಂ8 ಅಂದರೆ 8 ಮಿ.ಮೀ. ಬೋಲ್ಟ್, ಅಷ್ಟೇ. ಸೆಂಟರ್ ಪಂಚ್, ಸುತ್ತಿಗೆ, ದುಂಡು ಅರ, ಸಾಕೆಟ್ ಸೆಟ್, ಟಾರ್ಕ್ ರೆಂಚ್ (ಎಷ್ಟು ಬಿಗಿ ಮಾಡಿದಿರಿ ಅಂತ ಅಳತೆ ತೋರಿಸುವ ಸ್ಪ್ಯಾನರ್, ಕೊಳ್ಳಲಾಗದಿದ್ದರೆ ಪರಿಚಯದ ಗ್ಯಾರೇಜಿನಿಂದ ಒಂದು ದಿನಕ್ಕೆ ತನ್ನಿ), ಜಾಕಿ, ಎರಡು ಆಕ್ಸಲ್ ಸ್ಟ್ಯಾಂಡ್, ಜಿಂಕ್ ಪ್ರೈಮರ್, ಬಾಡಿ ಸೀಲಂಟ್, ಕನ್ನಡಕ, ಟೇಪು, ಗಾರೆ ಕೆಲಸದವರ ತೂಗುಗುಂಡು. ಪೌಡರ್ ತುಂಬಿದ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಪಕ್ಕದಲ್ಲೇ ಇರಲಿ.

ಬೋಲ್ಟ್ ವಿಷಯದಲ್ಲಿ ಉಳಿಸಲು ಹೋಗಬೇಡಿ. ತಲೆಯ ಮೇಲೆ 8.8 ಅಥವಾ 10.9 ಅಂತ ಗಟ್ಟಿತನದ ಗ್ರೇಡ್ ಕೆತ್ತಿರಬೇಕು. ಏನೂ ಕೆತ್ತಿಲ್ಲದ ಬೋಲ್ಟ್ ಗೇಟಿಗೆ ಹಾಕಿ, ಇಲ್ಲಿಗೆ ಬೇಡ. ಸ್ಟೇನ್‌ಲೆಸ್ ಬೋಲ್ಟ್ ತುಕ್ಕು ಹಿಡಿಯುವುದಿಲ್ಲ ಅಂತ ಕೆಲವರು ಹಾಕುತ್ತಾರೆ, ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ಟೇನ್‌ಲೆಸ್ ಬೋಲ್ಟ್ 8.8ರಷ್ಟು ಗಟ್ಟಿ ಅಲ್ಲ. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆಯ ಕಡೆ ಬೋಲ್ಟ್‌ನದೇ ಅಂಗಡಿಗಳಿವೆ, ಗ್ರೇಡ್ ಹೇಳಿ ಕೇಳಿದರೆ ಕೊಡುತ್ತಾರೆ. ನಟ್ಟು ನೈಲಾಕ್ ಇರಲಿ, ಅಂದರೆ ಒಳಗೆ ನೈಲಾನ್ ಬಳೆ ಇರುವ, ಅದುರಾಟಕ್ಕೆ ಸಡಿಲವಾಗದ ನಟ್ಟು. ಅದನ್ನು ಒಮ್ಮೆ ಬಿಚ್ಚಿದರೆ ಹೊಸದು ಹಾಕಬೇಕು, ಹಾಗಾಗಿ ಹತ್ತು ಜಾಸ್ತಿಯೇ ತನ್ನಿ.

ಪ್ಲೇಟ್‌ಗಳು, ಅಂದರೆ ಫ್ಲೋರಿನ ತಗಡಿಗೆ ಕೆಳಗಿನಿಂದ ಆಸರೆ ಕೊಡುವ ಉಕ್ಕಿನ ತುಂಡುಗಳು: ಕಮಾನಿನ ಪ್ರತಿ ಕಾಲಿಗೆ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ಪ್ಲೇಟ್. 10 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದ ಇಟ್ಟರೆ ಲೆಕ್ಕ ಸರಿಹೋಗುತ್ತದೆ. ಬ್ಯಾಕ್‌ಸ್ಟೇಗೆ 60 ಚದರ ಸೆಂ.ಮೀ. ಕಿಟ್ ಜೊತೆ ಸಣ್ಣ ಪ್ಲೇಟ್ ಬಂದಿದ್ದರೆ ಅದನ್ನು ಪಕ್ಕಕ್ಕಿಟ್ಟು ಹೊಸದು ಕತ್ತರಿಸಿ. ಮೂಲೆಗಳನ್ನು ದುಂಡಗೆ ಅರ ಹಾಕಿ. ಚೂಪು ಮೂಲೆ ತಗಡನ್ನು ಕತ್ತರಿಸುತ್ತದೆ, ಬಿರುಕು ಶುರುವಾಗುವುದೇ ಅಲ್ಲಿಂದ.

1. ಗಾಡಿ ಬರಿದು ಮಾಡಿ

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಟಾಪ್, ಅದರ ಕಂಬಿಗಳು, ಮುಂದಿನ ಸೀಟ್, ಹಿಂದೆ ಪಕ್ಕಕ್ಕೆ ಮುಖ ಮಾಡಿರುವ ಬೆಂಚ್ ಸೀಟ್‌ಗಳು, ಮ್ಯಾಟ್, ಅದರ ಕೆಳಗಿನ ಫೆಲ್ಟ್, ಎಲ್ಲ ಹೊರಗೆ. ಬಿಚ್ಚಿದ ಬೋಲ್ಟ್‌ಗಳನ್ನು ಜಾಗದ ಹೆಸರು ಬರೆದ ಕವರ್‌ಗಳಲ್ಲಿ ಹಾಕಿಡಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮ್ಯಾಟ್ ಮೇಲೆಯೇ ಪಾದ ಇಟ್ಟು ಬೋಲ್ಟ್ ಹಾಕುವವರಿದ್ದಾರೆ. ಮ್ಯಾಟ್ ದಿನೇದಿನೇ ಅಮುಕಿಕೊಳ್ಳುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ಪಾದದ ಕೆಳಗೆ ತಗಡು ಬಿಟ್ಟು ಇನ್ನೇನೂ ಇರಬಾರದು.

2. ತುಕ್ಕು ನೋಡಿ

ಸಾರ್ವಜನಿಕರಿಗೆ ಜಿಪ್ಸಿ ಮಾರಾಟ 2019ರಲ್ಲಿ ನಿಂತಿತು. ನಿಮ್ಮ ಕೈಯಲ್ಲಿರುವುದು ಎಷ್ಟೇ ಹೊಸದಾದರೂ ಮಳೆಗಾಲಗಳನ್ನು ಕಂಡ ಗಾಡಿ. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ತೋಟದ ಗಾಡಿಗಳಲ್ಲಿ, ಕರಾವಳಿಯ ಗಾಡಿಗಳಲ್ಲಿ ಇದು ಇನ್ನೂ ಜಾಸ್ತಿ. ಚಕ್ರದ ಕಮಾನು ಫ್ಲೋರಿಗೆ ಸೇರುವ ಮೂಲೆ, ಡ್ರೈವರ್ ಸೀಟಿನ ಹಿಂದಿನ ತಗ್ಗು, ಬಾಡಿ ಮೌಂಟ್‌ಗಳ ಸುತ್ತ ಚೆನ್ನಾಗಿ ನೋಡಿ. ನೋಡುವುದು ಅಂದರೆ ಕಣ್ಣಲ್ಲಿ ಅಲ್ಲ, ದಪ್ಪ ಸ್ಕ್ರೂಡ್ರೈವರ್ ಹಿಡಿದು ಒತ್ತಿ ಒತ್ತಿ.

ನನ್ನ ಗಾಡಿಯಲ್ಲಿ ಮೇಲಿನಿಂದ ಪೇಂಟ್ ಚೆನ್ನಾಗಿಯೇ ಇತ್ತು. ಎಡಗಡೆ ಕಾಲು ಬರುವ ಜಾಗದಲ್ಲಿ ಸ್ಕ್ರೂಡ್ರೈವರ್ ತುದಿ ಹಿಡಿದು ಒತ್ತಿದೆ. ಪೇಂಟ್ ಹಪ್ಪಳದ ಹಾಗೆ ಚಟ್ ಅಂದು ಒಡೆಯಿತು, ಅದರ ಕೆಳಗೆ ಕಾಫಿ ಪುಡಿಯಂಥ ಕಂದು ಪುಡಿ, ಅದರ ಕೆಳಗೆ ನೆಲ ಕಾಣಿಸಿತು. ಬಾರ್ ಕೆಲಸ ಅಲ್ಲಿಗೆ ನಿಲ್ಲಿಸಿ ಟಿಂಕರಿಂಗ್ ಮಾಡಿಸಿ, ಹೊಸ ತಗಡು ವೆಲ್ಡ್ ಮಾಡಿಸಿ, ಆಮೇಲೆ ಮುಂದುವರಿಸಿದೆ. ನೀವೂ ಹಾಗೇ ಮಾಡಿ. ತುಕ್ಕಿನ ಮೇಲೆ ಎಂ-ಸೀಲ್, ಫೈಬರ್, ಪುಟ್ಟಿ ಹಾಕಿ ಅದರ ಮೇಲೆ ಪಾದ ಇಡುವುದು ಬೇಡವೇ ಬೇಡ.

ಬಾಡಿ ಮೌಂಟ್‌ಗಳನ್ನೂ ಈಗಲೇ ನೋಡಿ. ಜಿಪ್ಸಿಯ ಬಾಡಿ ಚಾಸಿಸ್ ಮೇಲೆ ರಬ್ಬರ್ ಬುಷ್‌ಗಳ ಮೂಲಕ ಕೂತಿರುತ್ತದೆ. ಆ ರಬ್ಬರ್ ಹಿಟ್ಟಾಗಿದ್ದರೆ, ಬೋಲ್ಟ್ ತುಕ್ಕು ತಿಂದು ಸಣಕಲಾಗಿದ್ದರೆ ಮೊದಲು ಅವನ್ನು ಬದಲಾಯಿಸಿ.

ಇಲ್ಲೇ ಇನ್ನೊಂದು ವಿಷಯ, ತುಂಬ ಜನ ಕೇಳುವುದು. "ಒಂದು ಕಾಲು ಚಾಸಿಸ್‌ಗೇ ಹಾಕಿದರೆ ಇನ್ನೂ ಗಟ್ಟಿ ಅಲ್ವಾ?" ಅಲ್ಲ. ರಬ್ಬರ್ ಇರುವುದರಿಂದ ಓಡುವಾಗ ಬಾಡಿ ಒಂದು ರೀತಿ ಅಲುಗುತ್ತದೆ, ಚಾಸಿಸ್ ಇನ್ನೊಂದು ರೀತಿ ತಿರುಚುತ್ತದೆ. ಎರಡು ಕಾಲು ಚಾಸಿಸ್‌ಗೆ, ಎರಡು ಕಾಲು ಬಾಡಿಗೆ ಹಾಕಿದರೆ ಬಾರ್ ಆ ಎರಡರ ಎಳೆದಾಟದ ನಡುವೆ ಸಿಕ್ಕಿಕೊಳ್ಳುತ್ತದೆ, ಸ್ವಲ್ಪ ದಿನಕ್ಕೆ ಪಾದದ ವೆಲ್ಡಿಂಗ್ ಅಥವಾ ಫ್ಲೋರ್ ಬಿರುಕು ಬಿಡುತ್ತದೆ. ಕಿಟ್ ಬಾಡಿಗೆ ಅಂತ ಮಾಡಿದ್ದರೆ ಎಲ್ಲ ಕಾಲೂ ಬಾಡಿಗೇ.

3. ಬೋಲ್ಟ್ ಇಲ್ಲದೆ ಕೂರಿಸಿ ನೋಡಿ

ಇಬ್ಬರು ಸೇರಿ ಬಾರ್ ಎತ್ತಿ ಒಳಗಿಡಿ. 45 ಮಿ.ಮೀ., 2.5 ಮಿ.ಮೀ. ಪೈಪ್ ಮೀಟರಿಗೆ 2.6 ಕೆಜಿ ತೂಗುತ್ತದೆ, ಪೂರ್ತಿ ಬಾರ್ ಒಬ್ಬರಿಂದ ನೆಟ್ಟಗೆ ಹಿಡಿಯುವುದು ಕಷ್ಟ. ಅಂಚುಗಳಿಗೆ ಹಳೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಬಾಡಿ ಪೇಂಟ್ ಕೆರೆದುಹೋಗುತ್ತದೆ.

ಕಮಾನಿನ ಕಾಲುಗಳು ಹಿಂದಿನ ಚಕ್ರದ ಕಮಾನಿನ ಮುಂದೆ ಫ್ಲೋರಿನ ಮೇಲೆ, ಬ್ಯಾಕ್‌ಸ್ಟೇಗಳು ಹಿಂದಿನ ಚಕ್ರದ ಕಮಾನಿನ ಮೇಲೆ ಅಥವಾ ಹಿಂದಿನ ಫ್ಲೋರಿನ ಮೇಲೆ ಬರುತ್ತವೆ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಕಮಾನಿನ ತಲೆಯಿಂದ ತೂಗುಗುಂಡು ಇಳಿಬಿಟ್ಟು ನೆಟ್ಟಗಿದೆಯಾ ನೋಡಿ. ಬಲಗಡೆ ಬಾಗಿಲ ಕಂಬದಿಂದ ಬಲಗಾಲಿಗೆ, ಎಡ ಕಂಬದಿಂದ ಎಡಗಾಲಿಗೆ ಟೇಪ್ ಹಿಡಿಯಿರಿ. ಆಮೇಲೆ ಬಲ ಕಂಬದಿಂದ ಎಡಗಾಲಿಗೆ, ಎಡ ಕಂಬದಿಂದ ಬಲಗಾಲಿಗೆ ಅಡ್ಡಡ್ಡ ಅಳೆಯಿರಿ. ಎರಡೂ ಜೋಡಿ ಅಳತೆ ಸರಿಸಮ ಬಂದರೆ ಬಾರ್ ನೇರ ಕೂತಿದೆ ಅಂತ ಅರ್ಥ.

ಈಗ ಡ್ರೈವರ್ ಸೀಟನ್ನು ತಾತ್ಕಾಲಿಕವಾಗಿ ಹಾಕಿ, ಹೆಲ್ಮೆಟ್ ಹಾಕಿಕೊಂಡು ಕೂತು ನೋಡಿ. ಕ್ಲಚ್ ಪೂರ್ತಿ ಒತ್ತಿದಾಗ ಆರಾಮವಾಗಿ ಕೂರುವಷ್ಟು ಸೀಟು ಹಿಂದೆ ಹೋಗುತ್ತದಾ? ಹೆಲ್ಮೆಟ್ ಪೈಪಿಗೆ ತಾಗುತ್ತದಾ? ಆಮೇಲೆ ಜೊತೆಗಿದ್ದವರಿಗೆ ಹೇಳಿ ಒಂದು ಉದ್ದ ನೇರ ಕೋಲನ್ನು ಕಮಾನಿನ ತಲೆಯಿಂದ ಬಾನೆಟ್‌ವರೆಗೆ ಇಡಿಸಿ. ನಿಮ್ಮ ಹೆಲ್ಮೆಟ್ ಆ ಕೋಲಿಗಿಂತ ಕಡೇಪಕ್ಷ 5 ಸೆಂ.ಮೀ. ಕೆಳಗಿರಬೇಕು. ವಿಂಡ್‌ಶೀಲ್ಡ್ ಫ್ರೇಮ್ ಅಡ್ಡ ಬರುತ್ತದೆ, ಅದರ ಪಕ್ಕದಿಂದ ಕೋಲು ಹಿಡಿದು ಅಂದಾಜು ನೋಡಿ. ಫ್ರೇಮಿನ ತಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸಾಫ್ಟ್ ಟಾಪ್ ಜಿಪ್ಸಿಯಲ್ಲಿ ಅದು ಗಾಜು ಹಿಡಿದುಕೊಳ್ಳಲು ಇರುವ ಫ್ರೇಮ್, ಗಾಡಿ ಹೊರಲು ಅಲ್ಲ. ಎತ್ತರದ ಆಳುಗಳು ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ಆಗ ಸೀಟನ್ನು ಇಳಿಸಬೇಕು, ಇಲ್ಲವೇ ಬಾರ್ ಬಿಟ್ಟು ಕೇಜ್ ಕಡೆ ಯೋಚಿಸಬೇಕು. ತೂತು ಕೊರೆಯುವ ಮೊದಲೇ ಇದು ಗೊತ್ತಾಗಲಿ ಅಂತಲೇ ಈ ಹಂತ.

4. ಕೆಳಗೆ ಏನಿದೆ ನೋಡಿ

ಈ ಒಂದು ಹಂತವನ್ನು ಯಾರೂ ಬಿಡಬೇಡಿ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗ ಜಾಕಿಯಲ್ಲಿ ಎತ್ತಿ, ಆಕ್ಸಲ್ ಸ್ಟ್ಯಾಂಡ್ ಮೇಲೆ ಇಳಿಸಿ. ಬರೀ ಜಾಕಿ ನಂಬಿ ಗಾಡಿಯ ಕೆಳಗೆ ಹೋಗಬೇಡಿ, ಇಟ್ಟಿಗೆ ಮೇಲೆ ನಿಲ್ಲಿಸಿಯಂತೂ ಹೋಗಲೇಬೇಡಿ.

ಮಲಗಿ ಟಾರ್ಚ್ ಹಿಡಿದು ನೋಡಿ. ಪೆಟ್ರೋಲ್ ಟ್ಯಾಂಕ್ ಎಲ್ಲಿದೆ, ಅದರ ಪೈಪ್ ಯಾವ ದಾರಿಯಲ್ಲಿ ಬಂದಿದೆ, ಬ್ರೇಕ್ ಪೈಪ್, ವೈರಿಂಗ್, ಹ್ಯಾಂಡ್‌ಬ್ರೇಕ್ ಕೇಬಲ್, ಚಾಸಿಸ್ ಬೀಮ್ ಎಲ್ಲಿವೆ. ಮೇಲಿನಿಂದ ಗುರುತು ಮಾಡಿದ ಪ್ರತಿ ತೂತೂ ಕೆಳಗೆ ಎಲ್ಲಿ ಬರುತ್ತದೆ ಅಂತ ಅಳೆದು ಚಾಕ್‌ನಲ್ಲಿ ಬರೆಯಿರಿ. ಅಳೆಯಲು ಎರಡೂ ಕಡೆ ಕಾಣುವ ಒಂದು ಬೋಲ್ಟ್ ಅಥವಾ ತೂತನ್ನು ಆಧಾರ ಮಾಡಿಕೊಳ್ಳಿ.

ಟ್ಯಾಂಕಿನ ಮೇಲೆ ಅಥವಾ ಹತ್ತಿರ ಒಂದು ತೂತು ಬಂದರೂ ಟ್ಯಾಂಕ್ ಇಳಿಸಿ, ಗಾಡಿಯಿಂದ ದೂರ ಇಟ್ಟು, ಬಾಯಿ ಮುಚ್ಚಿ, ಆಮೇಲೆ ಕೊರೆಯಿರಿ. "ಪೆಟ್ರೋಲ್ ಖಾಲಿ ಮಾಡಿದ್ದೀನಿ ಬಿಡಿ" ಅನ್ನಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದಿರುವ ಆವಿ ತುಂಬಿದ ಟ್ಯಾಂಕಿಗಿಂತ ಬೇಗ ಹೊತ್ತಿಕೊಳ್ಳುತ್ತದೆ, ಡ್ರಿಲ್ ಮಷಿನ್ನಿನ ಒಳಗಿನ ಕಿಡಿಯೊಂದೇ ಸಾಕು. ಟ್ಯಾಂಕ್ ಇಳಿಸಿ ಅಭ್ಯಾಸ ಇಲ್ಲದಿದ್ದರೆ ಈ ಕೆಲಸವನ್ನು ಮೆಕ್ಯಾನಿಕ್‌ಗೆ ಕೊಡಿ.

ತೂತು ಚಾಸಿಸ್ ಬೀಮಿನ ನೇರ ಮೇಲೆ ಬಂದರೆ ಕೆಳಗೆ ನಟ್ಟು ಹಾಕಲು ಕೈ ಹೋಗುವುದಿಲ್ಲ, ಪ್ಲೇಟೂ ಕೂರುವುದಿಲ್ಲ. ಆಗ ಒಂದು ತೂತು ಬಿಟ್ಟುಬಿಡೋಣ ಅಂತ ಅನಿಸುತ್ತದೆ. ಬಿಡಬೇಡಿ, ಪೂರ್ತಿ ಬಾರನ್ನು ಸ್ವಲ್ಪ ಸರಿಸಿ ಮತ್ತೆ ಮೂರನೇ ಹಂತದಿಂದ ನೋಡಿ. ಕಮಾನಿನ ಪ್ರತಿ ಕಾಲಿಗೆ ಕನಿಷ್ಠ ಮೂರು, ಬ್ಯಾಕ್‌ಸ್ಟೇಗೆ ಕನಿಷ್ಠ ಎರಡು ಬೋಲ್ಟ್ ಇರಲೇಬೇಕು.

5. ಕೊರೆಯುವುದು

ಎಲ್ಲ ತೂತನ್ನೂ ಗುರುತು ಮಾಡಿ ಒಟ್ಟಿಗೆ ಕೊರೆದರೆ ಕೊನೆಗೆ ಒಂದೆರಡು ತೂತು ಕೂಡದೆ ನಿಲ್ಲುತ್ತವೆ. ಅದಕ್ಕೆ ಹೀಗೆ ಮಾಡಿ. ಒಂದು ಕಾಲಿನ ಒಂದು ತೂತಿಗೆ ಸೆಂಟರ್ ಪಂಚ್ ಹೊಡೆದು, 3 ಮಿ.ಮೀ. ಬಿಟ್‌ನಲ್ಲಿ ಕೊರೆಯಿರಿ. ಅದರೊಳಗೆ ಒಂದು ತಂತಿ ಇಳಿಸಿ ಕೆಳಗೆ ಹೋಗಿ ನೋಡಿ, ನೀವು ಅಂದುಕೊಂಡ ಜಾಗದಲ್ಲೇ ಬಂದಿದೆಯಾ. ಬಂದಿದ್ದರೆ 6, ಆಮೇಲೆ ಕೊನೆಯ ಅಳತೆ. ಬೋಲ್ಟ್ ಹಾಕಿ ಕೈಯಲ್ಲೇ ಬಿಗಿ ಮಾಡಿ. ಈಗ ಎದುರು ಕಾಲಿನ ಒಂದು ತೂತು. ಆಮೇಲೆ ಎರಡೂ ಬ್ಯಾಕ್‌ಸ್ಟೇಗಳಲ್ಲಿ ಒಂದೊಂದು. ಬಾರ್ ನಾಲ್ಕು ಕಡೆ ನಿಂತ ಮೇಲೆ ಉಳಿದ ತೂತುಗಳನ್ನು ಪಾದದ ತೂತನ್ನೇ ಅಚ್ಚಾಗಿ ಇಟ್ಟುಕೊಂಡು ಕೊರೆಯಬಹುದು.

ಬಿಟ್ ತಗಡು ದಾಟಿದ ಕೂಡಲೇ ಮಷಿನ್ ಸಮೇತ ಕೆಳಗೆ ಜಾರುತ್ತದೆ, ಬ್ರೇಕ್ ಪೈಪ್ ತೂತಾಗುವುದು ಆ ಕ್ಷಣದಲ್ಲಿ. ಬಿಟ್ ತುದಿಯಿಂದ 1 ಸೆಂ.ಮೀ. ಬಿಟ್ಟು ದಪ್ಪಗೆ ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ, ಮೈಭಾರ ಹಾಕದೆ ಕೊರೆಯಿರಿ. ತೂತು ಕೂಡದಿದ್ದರೆ ಬಿಟ್ ಅಲ್ಲಾಡಿಸಿ ದೊಡ್ಡದು ಮಾಡಬೇಡಿ, ದುಂಡು ಅರದಲ್ಲಿ ಸ್ವಲ್ಪ ಸ್ವಲ್ಪವೇ ತೆಗೆಯಿರಿ. ಬಾರ್‌ನ ಪೈಪಿಗಂತೂ ಯಾವ ಕಾರಣಕ್ಕೂ ತೂತು ಹಾಕಬೇಡಿ, ಲೈಟ್ ಹಾಕುವುದಕ್ಕೂ ಬೇಡ. ಲೈಟ್ ಬೇಕಿದ್ದರೆ ಕ್ಲ್ಯಾಂಪ್ ಹಾಕಿ.

ಮುಗಿದ ಮೇಲೆ ಬಾರ್ ಹೊರಗೆ ತೆಗೆಯಿರಿ. ಬೇಸರ ಆಗುತ್ತದೆ, ಆದರೂ ತೆಗೆಯಿರಿ. ತೂತಿನ ಅಂಚಿನ ಮುಳ್ಳು ಅರದಲ್ಲಿ ಉಜ್ಜಿ, ಚೂರುಗಳನ್ನು ವ್ಯಾಕ್ಯೂಮ್‌ನಲ್ಲಿ ಎಳೆಯಿರಿ, ಮೂಲೆಯಲ್ಲಿ ಉಳಿದದ್ದಕ್ಕೆ ಬಟ್ಟೆ ಸುತ್ತಿದ ಮ್ಯಾಗ್ನೆಟ್ ಆಡಿಸಿ. ಪ್ರತಿ ತೂತಿನ ಅಂಚಿಗೂ ಪ್ರೈಮರ್ ಹಚ್ಚಿ ಪೂರ್ತಿ ಒಣಗಲು ಬಿಡಿ. ಮೊದಲ ದಿನದ ಕೆಲಸ ಇಲ್ಲಿಗೆ ಮುಗಿದರೆ ಸಾಕು.

6. ಪ್ಲೇಟ್ ಕೂರಿಸುವುದು

ಮೇಲೆ ಬಾರ್‌ನ ಪಾದ, ನಡುವೆ ತಗಡು, ಕೆಳಗೆ ಪ್ಲೇಟ್. ಹೀಗೆ ತಗಡು ಎರಡರ ನಡುವೆ ಕಚ್ಚಿಕೊಂಡಿರಬೇಕು. ಬರೀ ದೊಡ್ಡ ವಾಷರ್ ಹಾಕಿದರೆ ಸಾಲದು, ಭಾರ ಬಿದ್ದಾಗ ವಾಷರ್ ತಗಡಿನೊಳಗಿಂದ ಎಳೆದುಕೊಂಡು ಬರುತ್ತದೆ. ಸ್ಪರ್ಧೆಗೆ ಹೋಗುವವರು ಗಮನಿಸಿ: ಎಫ್‌ಐಎ ನಿಯಮದಲ್ಲಿ ಈ ಪ್ಲೇಟನ್ನು ಬಾಡಿಗೆ ವೆಲ್ಡ್ ಮಾಡಿರಬೇಕು. ಆ ಒಂದು ಕೆಲಸಕ್ಕೆ ಗ್ಯಾರೇಜಿಗೆ ಹೋಗಲೇಬೇಕು.

ಫ್ಲೋರ್ ಸಪಾಟಾಗಿರುವುದಿಲ್ಲ, ಗಟ್ಟಿತನಕ್ಕೆ ಅಂತ ಏಣುಗಳನ್ನು ಒತ್ತಿರುತ್ತಾರೆ. ಪ್ಲೇಟ್ ಆ ಏಣಿನ ಮೇಲೆ ಕೂತರೆ ಕೆಳಗೆ ಟೊಳ್ಳು ಉಳಿಯುತ್ತದೆ. ಬೋಲ್ಟ್ ಬಿಗಿ ಮಾಡಿದ ಹಾಗೆ ಏಣು ಚಪ್ಪಟೆಯಾಗುತ್ತದೆ, ಬಿಗಿ ಬಂತು ಅಂತ ನಿಮಗೆ ಅನಿಸುತ್ತದೆ, ನಾಲ್ಕು ಗುಂಡಿ ಹಾರಿಸಿದ ಮೇಲೆ ನೋಡಿದರೆ ಬೋಲ್ಟ್ ಸಡಿಲ. ಟೊಳ್ಳಿನ ಆಳಕ್ಕೆ ಸರಿಯಾಗಿ ಉಕ್ಕಿನ ಪಟ್ಟಿ ಕತ್ತರಿಸಿ ತುಂಬಿ, ಅಥವಾ ಪ್ಲೇಟನ್ನೇ ಏಣಿನ ಆಕಾರಕ್ಕೆ ಬಗ್ಗಿಸಿ. ಮರದ ತುಂಡು, ರಬ್ಬರ್ ಬೇಡ.

ಚಕ್ರದ ಕಮಾನಿನ ಮೇಲೆ ಬರುವ ಬೋಲ್ಟ್‌ಗಳ ತಲೆ ಕೆಳಗಿರಲಿ, ನಟ್ಟು ಮೇಲಿರಲಿ. ಬೋಲ್ಟ್‌ನ ಉದ್ದ ತುದಿ ಕೆಳಗೆ ಚಾಚಿಕೊಂಡಿದ್ದರೆ ಸಸ್ಪೆನ್ಷನ್ ಪೂರ್ತಿ ಅಮುಕಿದಾಗ ಟೈರಿಗೆ ಚುಚ್ಚುತ್ತದೆ. ದಪ್ಪ ಟೈರ್ ಹಾಕಿರುವವರಿಗೆ ಈ ಅಪಾಯ ಇನ್ನೂ ಹತ್ತಿರ.

ಪ್ಲೇಟಿನ ಅಂಚಿನ ಸುತ್ತ ಸೀಲಂಟ್ ಎಳೆಯಿರಿ, ನೀರು ಒಳಗೆ ಹೋಗಬಾರದು. ನಡುವೆ ದಪ್ಪಗೆ ಬಳಿಯಬೇಡಿ.

7. ಬಿಗಿ ಮಾಡುವುದು

ಮೊದಲು ಎಲ್ಲ ಬೋಲ್ಟ್ ಕೈ ಬಿಗಿ. ಯಾವುದೂ ಎಳೆದು ತಳ್ಳಿ ಕೂರುವಂತಿರಬಾರದು. ಆಮೇಲೆ ಕಮಾನಿನ ಕಾಲುಗಳು, ಕೊನೆಗೆ ಬ್ಯಾಕ್‌ಸ್ಟೇ. ಚಕ್ರದ ನಟ್ಟಿನ ಹಾಗೆ ಒಂದು ಬಿಟ್ಟು ಒಂದು, ಎರಡು ಸುತ್ತಿನಲ್ಲಿ. ಕಿಟ್ ಮಾಡಿದವರು ಅಳತೆ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಕೊಟ್ಟಿಲ್ಲದಿದ್ದರೆ 8.8 ಗ್ರೇಡಿನ ಎಂ8ಗೆ ಸುಮಾರು 25 ನ್ಯೂಟನ್ ಮೀಟರ್, ಎಂ10ಗೆ 45ರಿಂದ 50. ನಟ್ಟಿನಿಂದ ಆಚೆಗೆ ಎರಡು ಎಳೆ ಥ್ರೆಡ್ ಆದರೂ ಕಾಣಬೇಕು. ಪೈಪ್ ತೂರಿಸಿ ಮೈಭಾರ ಹಾಕಿ ತಿರುಗಿಸುವುದು ಬೇಡ, ಜಾಸ್ತಿ ಬಿಗಿ ಮಾಡಿದ ಬೋಲ್ಟ್ ಒಳಗೇ ಅರ್ಧ ಸೋತಿರುತ್ತದೆ.

ಬಿಗಿಯಾದ ಮೇಲೆ ನಟ್ಟಿನಿಂದ ಪ್ಲೇಟಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಮುಂದೆ ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತ ಒಂದು ನೋಟಕ್ಕೇ ಗೊತ್ತಾಗುತ್ತದೆ.

8. ಪ್ಯಾಡಿಂಗ್, ಬೆಲ್ಟ್, ಸೀಟು

ತಲೆ, ಭುಜ ತಾಗಬಹುದಾದ ಎಲ್ಲ ಕಡೆ ಪ್ಯಾಡಿಂಗ್ ಹಾಕಿ. ಎಸಿ ಪೈಪಿಗೆ ಸುತ್ತುವ ಕಪ್ಪು ಮೆತ್ತನೆ ಫೋಮ್ ನೋಡಲು ಹಾಗೇ ಇರುತ್ತದೆ, ಆದರೆ ಪೆಟ್ಟು ಬಿದ್ದಾಗ ಕಾಗದದ ಹಾಗೆ ಅಮುಕಿಹೋಗುತ್ತದೆ. ಎಸ್‌ಎಫ್‌ಐ 45.1 ಅಥವಾ ಎಫ್‌ಐಎ 8857-2001 ಅಂತ ಸುರಕ್ಷತಾ ಮಾನದಂಡ ಬರೆದಿರುವ ಪ್ಯಾಡಿಂಗ್ ಬೇಕು. ಉಗುರಲ್ಲಿ ಒತ್ತಿದರೆ ಗಟ್ಟಿಯಾಗಿರುತ್ತದೆ, ಅದು ಹಾಗೇ ಇರಬೇಕು. ಪ್ಯಾಡಿಂಗ್ ಹಾಕಿದೆ ಅಂತ ಹೆಲ್ಮೆಟ್ ಬಿಡುವಂತಿಲ್ಲ.

ಬೆಲ್ಟ್ ಇಲ್ಲದೆ ಬಾರ್ ಇದ್ದೂ ಇಲ್ಲದ ಹಾಗೆ. ಗಾಡಿ ಉರುಳುವಾಗ ನೀವು ಸೀಟಿನಲ್ಲೇ ಉಳಿದರೆ ಮಾತ್ರ ಬಾರ್ ನಿಮ್ಮನ್ನು ಕಾಯುತ್ತದೆ. ಕಂಪನಿ ಬೆಲ್ಟಿನ ದಾರಿಯಲ್ಲಿ ಪೈಪ್ ಅಡ್ಡ ಬಂದು ಉಜ್ಜುತ್ತಿದೆಯಾ, ಜಗ್ಗಿದಾಗ ಲಾಕ್ ಆಗುತ್ತದಾ ನೋಡಿ. ಹಾರ್ನೆಸ್ ಅಂದರೆ ಎರಡೂ ಭುಜದ ಮೇಲೆ ಬರುವ ರೇಸಿಂಗ್ ಬೆಲ್ಟ್. ಅದನ್ನು ಹಾಕುವುದಾದರೆ ಭುಜದ ಪಟ್ಟಿಗಳನ್ನು ಫ್ಲೋರಿಗೆ ಕಟ್ಟಬೇಡಿ. ಅವು ಕೆಳಕ್ಕೆ ಎಳೆದರೆ ಬೆನ್ನುಮೂಳೆ ಕುಗ್ಗುತ್ತದೆ. ಪಟ್ಟಿ ಸೀಟಿನ ಬೆನ್ನಿನ ಮೇಲಿನಿಂದ ಹಿಂದಕ್ಕೆ ಹೆಚ್ಚುಕಡಿಮೆ ನೇರ ಹೋಗಬೇಕು, ಕೆಳಕ್ಕೆ 10 ಡಿಗ್ರಿ ಒಳಗೆ ಇದ್ದರೆ ಒಳ್ಳೆಯದು, 45 ದಾಟಲೇಬಾರದು. ಅದಕ್ಕೆ ಅಂತಲೇ ಅಡ್ಡ ಪೈಪ್ ಇರುವ ಬಾರ್ ಸಿಗುತ್ತದೆ.

ಹಿಂದಿನ ಬೆಂಚ್ ಸೀಟ್‌ಗಳನ್ನು ವಾಪಸ್ ಹಾಕಬೇಡಿ. ಪಕ್ಕಕ್ಕೆ ಕೂತವರ ತಲೆ ಬ್ಯಾಕ್‌ಸ್ಟೇ ಪೈಪಿನ ಪಕ್ಕದಲ್ಲೇ ಬರುತ್ತದೆ. ಬಾರ್ ಇರುವ ಜಿಪ್ಸಿ ಇಬ್ಬರ ಗಾಡಿ.

9. ಆಮೇಲೆ

ಬ್ಯಾಟರಿ ಜೋಡಿಸುವ ಮೊದಲು ಕೆಳಗೆ ಇನ್ನೊಮ್ಮೆ ಟಾರ್ಚ್ ಹಾಕಿ, ಪೆಟ್ರೋಲ್ ವಾಸನೆ, ಬ್ರೇಕ್ ಪೈಪಿನಲ್ಲಿ ಒದ್ದೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬ್ರೇಕ್ ಪೆಡಲ್ ಒತ್ತಿ ಹಿಡಿದು ನೋಡಿ, ಇಳಿಯಬಾರದು. ಮೊದಲ 50 ಕಿ.ಮೀ. ನಿಧಾನಕ್ಕೆ ಓಡಿಸಿ, ಬಿಳಿ ಗೆರೆಗಳನ್ನು ನೋಡಿ, ಟಾರ್ಕ್ ರೆಂಚ್‌ನಲ್ಲಿ ಎಲ್ಲ ಬೋಲ್ಟ್ ಮತ್ತೊಮ್ಮೆ ಪರೀಕ್ಷೆ ಮಾಡಿ. ಆಮೇಲೆ ಪ್ರತಿ ಈವೆಂಟಿನ ಮೊದಲು, ಪ್ರತಿ ಮಳೆಗಾಲ ಮುಗಿದ ಮೇಲೆ. ಟಕ್ ಟಕ್ ಅಂತ ಹೊಸ ಸದ್ದು ಬಂದರೆ ಅವತ್ತೇ ಮ್ಯಾಟ್ ಎತ್ತಿ ಪಾದದ ಸುತ್ತ ಬಿರುಕು ಹುಡುಕಿ.

ಗಾಡಿ ಒಮ್ಮೆ ಮಗುಚಿದರೆ ಆ ಬಾರ್ ಕೆಲಸ ಮುಗಿಯಿತು. ಕಣ್ಣಿಗೆ ನೇರವಾಗಿ ಕಂಡರೂ ಬಿಚ್ಚಿ ಹಾಕಿ. ತಟ್ಟಿ ನೇರ ಮಾಡಿಸಿ, ಪೇಂಟ್ ಹೊಡೆಸಿ ಮತ್ತೆ ಹಾಕುವುದಾಗಲಿ, ಇನ್ನೊಬ್ಬರಿಗೆ ಮಾರುವುದಾಗಲಿ ಬೇಡ. ಗುಜರಿಗೆ ಹಾಕುವ ಮೊದಲು ಕಮಾನನ್ನು ಎರಡು ತುಂಡು ಮಾಡಿಸಿ.